ಮೇರಾ, ಅಪ್ನಾ, ತನ್ನ: ಹಿಂದಿಯ ಸ್ವಾಮ್ಯಸೂಚಕ ಸರ್ವನಾಮಗಳು ಮತ್ತು ಕಿರುಗಾವಲು ಪರಿಸರದ ದಕ್ಖನಿ

ಪೀಠಿಕೆ

ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ಹೋಬಳಿ ಕೇಂದ್ರಗಳಲ್ಲಿ ಕಿರುಗಾವಲು ಒಂದು. ಮಳವಳ್ಳಿಯಿಂದ ಬನ್ನೂರಿನ ಮೂಲಕ ಮೈಸೂರಿಗೆ ಹೋಗುವ ದಾರಿಯಲ್ಲಿರುವ ಈ ಊರಿನ ಹೆಸರನ್ನು 'ಕಿರು' ಮತ್ತು 'ಕಾವಲು' ಎಂದು ಬಿಡಿಸಬಹುದು; ಉತ್ತರಪದದ ಕಕಾರಕ್ಕೆ ಗಕಾರ ಆದೇಶವಾಗಿ ಬಂದಿರುವ ಅಚ್ಚಗನ್ನಡ ರೂಪವಿದು. ಇದೇ ಊರಿನಲ್ಲಿ ಟಿಪ್ಪು ಸುಲ್ತಾನನ ಕಾಲದ್ದೆಂದು ಹೇಳಲಾಗುವ, ಹಲವು ಬಗೆಯ ಮಾವಿನ ತಳಿಗಳಿಗೆ ಹೆಸರಾದ ತೋಪೊಂದಿದೆ. ಅದರ ಹೆಸರು 'ಬಡಾ ಬಾಗ್'. ನೂರಾರು ದೇಶಿ ಭತ್ತದ ತಳಿಗಳನ್ನು ಸಂರಕ್ಷಿಸಿದ ಕೃಷಿಕ ಸೈಯದ್ ಘನಿ ಖಾನ್ ಅವರ ಕಾರ್ಯದಿಂದಾಗಿ ಈ ತೋಪು ನಾಡಿನ ಹೊರಗೂ ಪರಿಚಿತವಾಗಿದೆ.

ಊರಿನ ಹೆಸರು ಕನ್ನಡ, ತೋಪಿನ ಹೆಸರು ದಕ್ಖನಿ. ಈ ಎರಡು ಹೆಸರುಗಳ ನಡುವೆ ವ್ಯಾಕರಣದ ಒಂದು ಮುಖ್ಯ ಭೇದ ಅಡಗಿದೆ. 'ಬಾಗ್' ಎಂಬುದು ಪುಲ್ಲಿಂಗವಾದ್ದರಿಂದ ಅದರ ವಿಶೇಷಣ 'ಬಡಾ' ಆಯಿತು. ಸ್ತ್ರೀಲಿಂಗದ 'ಮಸ್ಜಿದ್' ಪದಕ್ಕೆ ಹತ್ತಿದ್ದರೆ ಅದು 'ಬಡೀ' ಆಗಬೇಕಿತ್ತು. ಕನ್ನಡದಲ್ಲಿ ತೋಟವೂ ದೊಡ್ಡದು, ಮಸೀದಿಯೂ ದೊಡ್ಡದು. 'ದೊಡ್ಡ ತೋಟ', 'ದೊಡ್ಡ ಮಸೀದಿ' ಎಂಬಲ್ಲಿ ವಿಶೇಷಣ ಕದಲುವುದಿಲ್ಲ. ತೋಟ ಯಾರದು ಎಂದು ಹೇಳುವಾಗಲೂ ಇದೇ ಭೇದ ಮುಂದುವರಿಯುತ್ತದೆ. ಹಿಂದಿ-ಉರ್ದುಗಳಲ್ಲಿ 'ಮೇರಾ ಬಾಗ್', 'ಮೇರೀ ಜಮೀನ್'; ಕನ್ನಡದಲ್ಲಿ ಎರಡಕ್ಕೂ 'ನನ್ನ'.

ಹಿಂದಿಯ ಸ್ವಾಮ್ಯಸೂಚಕ ಸರ್ವನಾಮಗಳ ವ್ಯವಸ್ಥೆ ಎಂತಹುದು, ಕನ್ನಡದ ಷಷ್ಠೀ ರೂಪಗಳಿಂದ ಅದು ಎಲ್ಲಿ ಬೇರೆಯಾಗುತ್ತದೆ, ಇವೆರಡರ ನಡುವೆ ಶತಮಾನಗಳಿಂದ ಬಾಳಿದ ದಕ್ಖನಿಯಲ್ಲಿ ಅದು ಪಡೆದ ರೂಪಾಂತರಗಳಾವುವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶ. ದಕ್ಖನಿಯ ಈ ರೂಪಗಳನ್ನು 'ಅಶುದ್ಧ ಹಿಂದಿ' ಅಥವಾ 'ಕೆಟ್ಟ ಉರ್ದು' ಎಂದು ಕರೆಯುವ ವಾಡಿಕೆ ಬಹುಕಾಲದಿಂದ ಇದೆ. ಅವು ದೋಷಗಳಲ್ಲ, ಸಹಬಾಳ್ವೆಯ ಚರಿತ್ರೆಗೆ ಆಧಾರವಾಗಬಲ್ಲ ಭಾಷಿಕ ದಾಖಲೆಗಳು ಎಂಬುದು ಇಲ್ಲಿಯ ಪ್ರತಿಪಾದನೆ.

ಪರಿಭಾಷೆಯ ಪ್ರಶ್ನೆ

'ಸ್ವಾಮ್ಯಸೂಚಕ ಸರ್ವನಾಮ' ಎಂಬ ವರ್ಗವು ಇಂಗ್ಲಿಷ್ ವ್ಯಾಕರಣದ ಪ್ರಭಾವದಿಂದ ಬಂದದ್ದು. ಕಾಶಿಯ ನಾಗರೀ ಪ್ರಚಾರಿಣೀ ಸಭೆಯು 1920ರಲ್ಲಿ ಪ್ರಕಟಿಸಿದ ಕಾಮತಾ ಪ್ರಸಾದ ಗುರು ಅವರ 'ಹಿಂದೀ ವ್ಯಾಕರಣ'ದಲ್ಲಿ ಸರ್ವನಾಮಗಳನ್ನು ಪುರುಷವಾಚಕ, ನಿಜವಾಚಕ, ನಿಶ್ಚಯವಾಚಕ, ಅನಿಶ್ಚಯವಾಚಕ, ಸಂಬಂಧವಾಚಕ ಮತ್ತು ಪ್ರಶ್ನವಾಚಕ ಎಂದು ಆರು ಬಗೆಯಾಗಿ ವಿಂಗಡಿಸಲಾಗಿದೆ. ಇಲ್ಲಿಯ 'ಸಂಬಂಧವಾಚಕ'ವು ಒಡೆತನವನ್ನು ಹೇಳುವ ಪದವಲ್ಲ. 'ಜೋ' ಎಂಬ, ವಾಕ್ಯಗಳನ್ನು ಜೋಡಿಸುವ ಸರ್ವನಾಮ. 'ಮೇರಾ', 'ತೇರಾ', 'ಹಮಾರಾ' ಮುಂತಾದವು ಪುರುಷವಾಚಕ ಸರ್ವನಾಮಗಳ ಸಂಬಂಧ ಕಾರಕದ ರೂಪಗಳೆನಿಸುತ್ತವೆ. ಹೆಸರಿನ ಸಾಮ್ಯದಿಂದಾಗಿ ಹೊಸದಾಗಿ ಹಿಂದಿ ಕಲಿಯುವ ಕನ್ನಡಿಗರು ಇಲ್ಲಿಯೇ ಮೊದಲು ಎಡವುವುದುಂಟು.

ಕನ್ನಡದ ವೈಯಾಕರಣರು ಈ ರೂಪಗಳನ್ನು ಷಷ್ಠೀ ವಿಭಕ್ತಿಯಲ್ಲಿ ಸೇರಿಸುತ್ತಾರೆ. ಸಂಸ್ಕೃತದಲ್ಲಿ ಷಷ್ಠಿಗೆ ವಿಭಕ್ತಿಯ ಸ್ಥಾನವಿದೆಯೇ ಹೊರತು ಕಾರಕದ ಸ್ಥಾನವಿಲ್ಲ. ಅದು ನಾಮಕ್ಕೂ ಕ್ರಿಯೆಗೂ ಇರುವ ಸಂಬಂಧವನ್ನಲ್ಲ, ನಾಮಕ್ಕೂ ನಾಮಕ್ಕೂ ಇರುವ ಸಂಬಂಧವನ್ನು ಹೇಳುತ್ತದೆ. ಹಿಂದಿ ವ್ಯಾಕರಣಗಳು ಅದನ್ನು 'ಸಂಬಂಧ ಕಾರಕ'ವೆಂದು ಕರೆದು ಕಾರಕಗಳ ಪಟ್ಟಿಗೆ ಸೇರಿಸಿದವು. ಹೀಗೆ ಒಂದೇ ಸಂಗತಿಗೆ ಮೂರು ಪರಂಪರೆಗಳಲ್ಲಿ ಮೂರು ಹೆಸರುಗಳು ದೊರೆತಿವೆ. ಪ್ರಸ್ತುತ ಪ್ರಬಂಧದಲ್ಲಿ ಸೌಕರ್ಯಕ್ಕಾಗಿ 'ಸ್ವಾಮ್ಯಸೂಚಕ' ಎಂಬ ಪದವನ್ನೇ ಬಳಸಲಾಗಿದೆ.

ಹಿಂದಿಯ ವ್ಯವಸ್ಥೆ

ಹಿಂದಿಯ ಸ್ವಾಮ್ಯಸೂಚಕಗಳನ್ನು ಪ್ರತ್ಯಯದ ದೃಷ್ಟಿಯಿಂದ ಮೂರು ಗುಂಪುಗಳಾಗಿ ನೋಡಬಹುದು. ಉತ್ತಮ ಮತ್ತು ಮಧ್ಯಮ ಪುರುಷಗಳ 'ಮೇರಾ, ಹಮಾರಾ, ತೇರಾ, ತುಮ್ಹಾರಾ' ಎಂಬವು 'ರಾ' ಪ್ರತ್ಯಯವುಳ್ಳವು. 'ಅಪ್ನಾ' ಎಂಬುದು 'ನಾ' ಪ್ರತ್ಯಯವುಳ್ಳದ್ದು. 'ಉಸ್‌ಕಾ, ಇಸ್‌ಕಾ, ಉನ್‌ಕಾ, ಆಪ್‌ಕಾ, ಕಿಸ್‌ಕಾ, ಜಿಸ್‌ಕಾ' ಮುಂತಾದವು 'ಕಾ' ಪ್ರತ್ಯಯವುಳ್ಳವು. 'ಅಪ್ನಾ' ರೂಪದ ಮೂಲವನ್ನು ಸಂಸ್ಕೃತದ 'ಆತ್ಮನ್' ಶಬ್ದದಿಂದ ಬಂದ ಪ್ರಾಕೃತದ 'ಅಪ್ಪಣ' ರೂಪದಲ್ಲಿ ಗುರುತಿಸಲಾಗುತ್ತದೆ. 'ರಾ' ಮತ್ತು 'ಕಾ' ಪ್ರತ್ಯಯಗಳ ಹಿನ್ನೆಲೆಯನ್ನು ಅರಸುವ ವಿದ್ವಾಂಸರು, ಹನ್ನೆರಡನೆಯ ಶತಮಾನದ ಹೇಮಚಂದ್ರನು ತನ್ನ ಪ್ರಾಕೃತ ವ್ಯಾಕರಣದಲ್ಲಿ 'ಇದಕ್ಕೆ ಸೇರಿದ್ದು' ಎಂಬ ಅರ್ಥದಲ್ಲಿ ಹೇಳಿರುವ 'ಕೇರ' ಪ್ರತ್ಯಯದತ್ತ ಗಮನ ಸೆಳೆಯುತ್ತಾರೆ.

ಈ ಎಲ್ಲ ರೂಪಗಳೂ ಆಕಾರಾಂತ ವಿಶೇಷಣಗಳಂತೆ ನಡೆದುಕೊಳ್ಳುತ್ತವೆ. ಪುಲ್ಲಿಂಗ ಏಕವಚನದಲ್ಲಿ 'ಮೇರಾ ಘರ್'. ಪುಲ್ಲಿಂಗ ಬಹುವಚನದಲ್ಲಿ 'ಮೇರೇ ಬೇಟೇ'. ಸ್ತ್ರೀಲಿಂಗದ ಎರಡು ವಚನಗಳಲ್ಲೂ 'ಮೇರೀ ಕಿತಾಬ್', 'ಮೇರೀ ಕಿತಾಬೇಂ'. ಪುಲ್ಲಿಂಗ ಏಕವಚನದ ನಾಮದ ಮುಂದೆ ವಿಭಕ್ತಿಸೂಚಕ ಬಂದರೆ ಸ್ವಾಮ್ಯಸೂಚಕವೂ ಏಕಾರಾಂತವಾಗುತ್ತದೆ: 'ಮೇರೇ ಘರ್ ಮೇಂ'. ಆದುದರಿಂದ 'ಮೇರೇ' ಎಂಬ ಒಂದೇ ರೂಪಕ್ಕೆ ಬಹುವಚನವೆಂದೂ ವಿಭಕ್ತಿಪೂರ್ವ ರೂಪವೆಂದೂ ಎರಡು ಹೊಣೆಗಳಿವೆ. ಗೌರವಾರ್ಥದಲ್ಲಿ ಒಬ್ಬರೇ ಆದರೂ 'ಮೇರೇ ಪಿತಾಜೀ' ಎಂದು ಬಹುವಚನದ ರೂಪ ಬರುವುದು ಅದರ ಮೂರನೆಯ ಹೊಣೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದುದು ಲಿಂಗವು ಯಾರದು ಎಂಬುದು. 'ಉಸ್‌ಕಾ ಭಾಈ' ಎಂದಾಗ ಸೋದರನು ಗಂಡಸೆಂಬುದಷ್ಟೇ ತಿಳಿಯುತ್ತದೆ; ಅವನು ಒಬ್ಬ ಪುರುಷನ ಸೋದರನೋ ಸ್ತ್ರೀಯ ಸೋದರನೋ ತಿಳಿಯುವುದಿಲ್ಲ. ಕನ್ನಡದಲ್ಲಿ ಇದು ತಿರುವುಮುರುವು. 'ಅವನ ಪುಸ್ತಕ', 'ಅವಳ ಪುಸ್ತಕ' ಎಂದಾಗ ಒಡೆಯರ ಲಿಂಗ ತಿಳಿಯುತ್ತದೆ. ಪುಸ್ತಕಕ್ಕೆ ಅಲ್ಲಿ ಯಾವ ಪ್ರಭಾವವೂ ಇಲ್ಲ. ಕನ್ನಡದ ಷಷ್ಠಿ ಒಡೆಯರ ಕಡೆಗೆ ನೋಡಿದರೆ ಹಿಂದಿಯ ಸಂಬಂಧ ಕಾರಕ ಒಡೆತನಕ್ಕೊಳಗಾದ ವಸ್ತುವಿನ ಕಡೆಗೆ ನೋಡುತ್ತದೆ.

ಕನ್ನಡದ ಷಷ್ಠೀ ರೂಪಗಳು

ಹಳಗನ್ನಡದ 'ಎನ್ನ, ನಿನ್ನ, ತನ್ನ, ಎಮ್ಮ' ಎಂಬ ರೂಪಗಳಿಂದ ಇಂದಿನ 'ನನ್ನ, ನಿನ್ನ, ತನ್ನ, ನಮ್ಮ'ಗಳವರೆಗೆ ಧ್ವನಿಯಲ್ಲಿ ವ್ಯತ್ಯಾಸಗಳಾಗಿದ್ದರೂ ನಾಮದ ಹಿಂದೆ ನಿಂತಾಗ ಇವು ಲಿಂಗ, ವಚನ, ವಿಭಕ್ತಿಗಳಿಗೆ ಬದಲಾಗುವುದಿಲ್ಲ ಎಂಬ ನಿಯಮ ಹಾಗೆಯೇ ಉಳಿದುಬಂದಿದೆ. ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ', 1604ರಲ್ಲಿ ರಚಿತವಾದ ಭಟ್ಟಾಕಳಂಕನ 'ಕರ್ಣಾಟಕ ಶಬ್ದಾನುಶಾಸನ', 1903ರಲ್ಲಿ ಪ್ರಕಟವಾದ ಕಿಟ್ಟೆಲ್ ಅವರ ಇಂಗ್ಲಿಷ್ ವ್ಯಾಕರಣ ಇವೆಲ್ಲ ಕನ್ನಡದ ವಿಭಕ್ತಿಗಳನ್ನು ವಿಸ್ತಾರವಾಗಿ ಚರ್ಚಿಸಿವೆ.

ಆದರೆ ಕನ್ನಡದಲ್ಲಿ ಸ್ವಾಮ್ಯಸೂಚಕಕ್ಕೆ ಲಿಂಗ ವಚನಗಳ ಹೊಂದಾಣಿಕೆಯೇ ಇಲ್ಲವೆಂದು ಹೇಳುವುದು ಸರಿಯಾಗದು. ಅದು ನಾಮದ ಹಿಂದೆ ನಿಲ್ಲದೆ ವಾಕ್ಯದ ವಿಧೇಯವಾಗಿ ಬಂದಾಗ 'ಈ ಹೊಲ ನನ್ನದು', 'ಈ ಹೊಲಗಳು ನನ್ನವು', 'ಅವನು ನನ್ನವನು', 'ಅವಳು ನನ್ನವಳು', 'ಅವರು ನನ್ನವರು' ಎಂದು ಐದು ಬಗೆಯಾಗುತ್ತದೆ. ಹಿಂದಿಯಲ್ಲಿಯಾದರೋ 'ಯಹ್ ಮೇರಾ ಖೇತ್ ಹೈ', 'ಯಹ್ ಖೇತ್ ಮೇರಾ ಹೈ' ಎಂಬ ಎರಡು ಸ್ಥಾನಗಳಲ್ಲೂ ರೂಪ ಒಂದೇ. ಅಂದರೆ ಹೊಂದಾಣಿಕೆಯ ಕಲ್ಪನೆ ಕನ್ನಡಿಗರಿಗೆ ಹೊಸದಲ್ಲ. ತೊಡಕಿರುವುದು ಲಿಂಗದಲ್ಲಿ. ಕನ್ನಡದಲ್ಲಿ ಲಿಂಗವು ಅರ್ಥವನ್ನು ಅನುಸರಿಸುತ್ತದೆ. ಮನುಷ್ಯರಲ್ಲಿ ಗಂಡು ಹೆಣ್ಣುಗಳ ಭೇದ, ಉಳಿದವು ನಪುಂಸಕ. ಹಿಂದಿಯಲ್ಲಿ ಮನೆ ಪುಲ್ಲಿಂಗ, ಪುಸ್ತಕಕ್ಕೆ ಬಳಸುವ 'ಕಿತಾಬ್' ಸ್ತ್ರೀಲಿಂಗ. 'ಮೇರಾ ಕಿತಾಬ್' ಎನ್ನುವ ಕನ್ನಡದ ವಿದ್ಯಾರ್ಥಿ ತಪ್ಪುವುದು ಸರ್ವನಾಮದಲ್ಲಿ ಅಲ್ಲ, ಪುಸ್ತಕದ ಲಿಂಗದಲ್ಲಿ.

ಅಪ್ನಾ ಮತ್ತು ತನ್ನ

ಎರಡು ಭಾಷೆಗಳ ನಡುವಿನ ಅತಿ ಸೂಕ್ಷ್ಮವಾದ ಭೇದ ಆತ್ಮಾರ್ಥಕದಲ್ಲಿ ಕಂಡುಬರುತ್ತದೆ. ಒಡೆಯನೂ ವಾಕ್ಯದ ಕರ್ತೃವೂ ಒಬ್ಬನೇ ಆಗಿದ್ದರೆ ಹಿಂದಿಯಲ್ಲಿ ಮೂರು ಪುರುಷಗಳಿಗೂ 'ಅಪ್ನಾ' ಬರಬೇಕು: 'ಮೈಂ ಅಪ್ನಾ ಕಾಮ್ ಕರ್ತಾ ಹೂಂ', 'ತುಮ್ ಅಪ್ನಾ ಕಾಮ್ ಕರೋ', 'ವಹ್ ಅಪ್ನಾ ಕಾಮ್ ಕರ್ತಾ ಹೈ'. ಕನ್ನಡದ 'ತನ್ನ' ಪ್ರಥಮ ಪುರುಷಕ್ಕೆ ಮಾತ್ರ ಸಲ್ಲುತ್ತದೆ: 'ನಾನು ನನ್ನ ಕೆಲಸ ಮಾಡುತ್ತೇನೆ', 'ನೀನು ನಿನ್ನ ಕೆಲಸ ಮಾಡು', 'ಅವನು ತನ್ನ ಕೆಲಸ ಮಾಡುತ್ತಾನೆ'. ಕನ್ನಡದ ವ್ಯವಸ್ಥೆಗೆ ತನ್ನದೇ ಆದ ತರ್ಕವಿದೆ. ನಾನು, ನೀನು ಎಂದಾಗ ವ್ಯಕ್ತಿ ಯಾರೆಂಬ ಸಂದೇಹಕ್ಕೆ ಎಡೆಯಿಲ್ಲ. 'ಅವನು ಅವನ ಹೊಲ ಉತ್ತನು' ಎಂದಾಗ ಮಾತ್ರ ಹೊಲವು ಉತ್ತವನದೋ ಬೇರೆಯವನದೋ ಎಂಬ ಸಂದೇಹ ಏಳುತ್ತದೆ. ಸಂದೇಹವಿರುವಲ್ಲಿ ಮಾತ್ರ ಕನ್ನಡ 'ತನ್ನ' ಎಂಬ ಪದವನ್ನು ಇಟ್ಟುಕೊಂಡಿದೆ.

ಇನ್ನೊಂದು ಕಡೆ 'ತನ್ನ' ಪದದ ವ್ಯಾಪ್ತಿ 'ಅಪ್ನಾ' ಪದಕ್ಕಿಂತ ದೊಡ್ಡದು. 'ತನ್ನ ಮಗ ಬಂದನೆಂದು ರಾಮಯ್ಯ ಹೇಳಿದ' ಎಂಬಲ್ಲಿ 'ತನ್ನ' ಎಂಬುದು ಹೊರವಾಕ್ಯದ ಕರ್ತೃವಾದ ರಾಮಯ್ಯನನ್ನು ಸೂಚಿಸುತ್ತದೆ. ಹಿಂದಿಯಲ್ಲಿ ಇಂತಹ ಕಡೆ 'ಕಿ' ಎಂಬುದರಿಂದ ಆರಂಭವಾಗುವ ಒಳವಾಕ್ಯದಲ್ಲಿ 'ಉಸ್‌ಕಾ ಬೇಟಾ' ಎನ್ನಬೇಕೇ ಹೊರತು 'ಅಪ್ನಾ ಬೇಟಾ' ಎನ್ನುವಂತಿಲ್ಲ. ಹೀಗಾಗಿ 'ತನ್ನ' ಎಂದರೆ 'ಅಪ್ನಾ' ಎಂದು ಬಾಯಿಪಾಠ ಮಾಡಿದ ಕನ್ನಡಿಗ ಬೇಕಾದಲ್ಲಿ ಅದನ್ನು ಬಿಡುತ್ತಾನೆ, ಬೇಡವಾದಲ್ಲಿ ಬಳಸುತ್ತಾನೆ.

ದಕ್ಖನಿ ನಡೆದ ದಾರಿ

ಈ ಎರಡು ವ್ಯವಸ್ಥೆಗಳ ನಡುವೆ ದಕ್ಖನಿ ನಿಂತಿದೆ. 1327ರಲ್ಲಿ ಮುಹಮ್ಮದ್ ಬಿನ್ ತುಘಲಕನು ದೌಲತಾಬಾದನ್ನು ರಾಜಧಾನಿಯಾಗಿಸಿದಾಗ ದೆಹಲಿ ಪರಿಸರದ ಮಾತು ದೊಡ್ಡ ಪ್ರಮಾಣದಲ್ಲಿ ದಕ್ಷಿಣಕ್ಕೆ ಬಂದಿತು. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. 1422ರಲ್ಲಿ ಅದೇ ಊರಿನಲ್ಲಿ ಕಾಲವಾದ ಖ್ವಾಜಾ ಬಂದೇ ನವಾಜ್ ಅವರಂತಹ ಸೂಫಿಗಳ ನೆಲೆಗಳಲ್ಲಿ ಈ ಮಾತಿಗೆ ಆಶ್ರಯ ದೊರೆಯಿತು. ಹದಿನೈದನೆಯ ಶತಮಾನದಲ್ಲಿ ನಿಜಾಮಿಯ 'ಕದಮ್ ರಾವ್ ಪದಮ್ ರಾವ್' ಕಾವ್ಯ, ಬಿಜಾಪುರದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಶಾಹನ 'ಕಿತಾಬ್-ಎ-ನೌರಸ್' ಇದರಲ್ಲಿ ಹುಟ್ಟಿದವು. 1638ರಲ್ಲಿ ಬಿಜಾಪುರದ ಸೇನೆ ಬೆಂಗಳೂರನ್ನು ವಶಪಡಿಸಿಕೊಂಡದ್ದು, 1687ರಲ್ಲಿ ಶಿರಾ ಮೊಗಲರ ಸುಬಾ ಕೇಂದ್ರವಾದದ್ದು, 1761ರಲ್ಲಿ ಹೈದರ್ ಅಲಿ ಮೈಸೂರಿನ ಅಧಿಕಾರ ಹಿಡಿದದ್ದು ದಕ್ಖನಿ ಕಾವೇರಿ ಬಯಲಿನಲ್ಲಿ ಬೇರೂರಲು ಕಾರಣವಾದ ರಾಜಕೀಯ ಹಂತಗಳು. ಶ್ರೀರಂಗಪಟ್ಟಣದ ಆಡಳಿತ ಭಾಷೆ ಪರ್ಷಿಯನ್ ಆಗಿದ್ದಾಗಲೂ ಮನೆಮಾತು ದಕ್ಖನಿಯೇ. 1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ನಡೆದ ಕಾಳಗ ಮತ್ತು ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಆಳ್ವಿಕೆ ಬದಲಾಯಿತು. ಹಳ್ಳಿಗಳಲ್ಲಿ ಬೇಸಾಯ, ವ್ಯಾಪಾರಗಳಲ್ಲಿ ನಿರತರಾಗಿದ್ದ ಕುಟುಂಬಗಳ ಮಾತು ಉಳಿಯಿತು. ಗಣನೀಯ ಮುಸ್ಲಿಂ ಜನಸಂಖ್ಯೆಯುಳ್ಳ ಕಿರುಗಾವಲು ಅಂತಹ ಊರುಗಳಲ್ಲೊಂದು. ಇಲ್ಲಿ ಮನೆಯೊಳಗೆ ದಕ್ಖನಿ, ಗದ್ದೆ ಬಯಲಿನಲ್ಲಿಯೂ ಸಂತೆಯಲ್ಲಿಯೂ ಕನ್ನಡ ಎಂಬುದು ನಿತ್ಯದ ಸಂಗತಿ.

ದಕ್ಖನಿಯ ವ್ಯಾಕರಣಕ್ಕೆ ಸಂಬಂಧಿಸಿದ ಕೃತಿಗಳು ಕಡಿಮೆಯೇನಲ್ಲ. ಮದರಾಸಿನಲ್ಲಿ ಮಿಷನರಿಯಾಗಿದ್ದ ಬೆಂಜಮಿನ್ ಶುಲ್ಟ್ಸೆ ಲ್ಯಾಟಿನ್ ಭಾಷೆಯಲ್ಲಿ ಬರೆದು 1745ರಲ್ಲಿ ಜರ್ಮನಿಯ ಹಾಲೆ ನಗರದಲ್ಲಿ ಪ್ರಕಟಿಸಿದ ಹಿಂದುಸ್ತಾನಿ ವ್ಯಾಕರಣವು ದಕ್ಷಿಣದ ಈ ಮಾತನ್ನು ಆಧರಿಸಿತ್ತು. ಗ್ರಿಯರ್ಸನ್ ಅವರ ಭಾರತೀಯ ಭಾಷಾ ಸಮೀಕ್ಷೆಯ 1916ರ ಸಂಪುಟದಲ್ಲಿ ದಕ್ಖನಿಗೆ ಸ್ಥಾನ ದೊರೆಯಿತು. ಬಾಬೂರಾಮ್ ಸಕ್ಸೇನಾ ಅವರ 'ದಕ್ಖಿನೀ ಹಿಂದೀ' 1952ರಲ್ಲಿಯೂ ರೂತ್ ಲೈಲಾ ಶ್ಮಿಟ್ ಅವರ ದಕ್ಖನಿ ಉರ್ದುವಿನ ಚರಿತ್ರೆ ಮತ್ತು ರಚನೆಯನ್ನು ಕುರಿತ ಗ್ರಂಥ 1981ರಲ್ಲಿಯೂ ಹೊರಬಂದವು.

ಸ್ವಾಮ್ಯಸೂಚಕಗಳಿಗೆ ಸಂಬಂಧಿಸಿದಂತೆ ದಕ್ಖನಿಯ ಆಡುಮಾತಿನಲ್ಲಿ ಎರಡು ಲಕ್ಷಣಗಳು ಎದ್ದುಕಾಣುತ್ತವೆ. ಒಂದು, 'ಅಪ್ನಾ' ಬರಬೇಕಾದ ಕಡೆ 'ಮೇರಾ', 'ತೇರಾ' ಬರುವುದು. 'ಮೈಂ ಅಪ್ನೇ ಘರ್ ಗಯಾ' ಎಂಬುದು ಇಲ್ಲಿ 'ಮೈ ಮೇರೇ ಘರ್ ಕೂ ಗಯಾ' ಎಂದಾಗುತ್ತದೆ. 'ನಾನು ನನ್ನ ಮನೆಗೆ ಹೋದೆ' ಎಂಬುದಕ್ಕೆ ಪದಕ್ಕೆ ಪದ ಸರಿಹೊಂದುವ ವಾಕ್ಯವಿದು. ಕನ್ನಡದ 'ಗೆ' ಪ್ರತ್ಯಯದ ಸ್ಥಾನದಲ್ಲಿ 'ಕೂ' ಕೂಡ ಬಂದಿದೆ. ಎರಡು, ಸ್ವಾಮ್ಯಸೂಚಕದ ರೂಪವೇ ಇತರ ವಿಭಕ್ತಿಗಳಿಗೆ ಪ್ರಕೃತಿಯಾಗುವುದು. ಶಿಷ್ಟ ಹಿಂದಿಯ 'ಮುಝೇ' ಅಥವಾ 'ಮುಝ್‌ಕೋ' ಎಂಬುದಕ್ಕೆ ಬದಲಾಗಿ 'ಮೇರೇಕೂ', 'ತೇರೇಕೂ'. ಕನ್ನಡದಲ್ಲಿಯೂ 'ನನ್ನ' ಎಂಬ ರೂಪದ ಮೇಲೆಯೇ 'ನನ್ನನ್ನು, ನನ್ನಿಂದ, ನನ್ನಲ್ಲಿ' ನಿಂತಿವೆ. 'ನನಗೆ ಇಬ್ಬರು ತಮ್ಮಂದಿರು' ಎಂಬ ಕನ್ನಡದ ರಚನೆಗೆ ಹಿಂದಿಯಲ್ಲಿ 'ಮೇರೇ ದೋ ಭಾಈ ಹೈಂ' ಎಂಬ ಷಷ್ಠಿಯ ವಾಕ್ಯವಿದ್ದರೆ, ದಕ್ಖನಿಯಲ್ಲಿ 'ಮೇರೇಕೂ' ಎಂದು ಚತುರ್ಥಿಯಿಂದ ಆರಂಭವಾಗುವ ವಾಕ್ಯ ಸಹಜ.

ಇವೆರಡನ್ನೂ ಕನ್ನಡದ ಪ್ರಭಾವವೆಂದು ನೇರವಾಗಿ ಹೇಳಿಬಿಡುವುದು ಆತುರದ ತೀರ್ಮಾನವಾದೀತು. ಮರಾಠಿಯಲ್ಲಿಯೂ ಗುಜರಾತಿಯಲ್ಲಿಯೂ ಉತ್ತಮ ಪುರುಷದ ಕರ್ತೃವಿನೊಡನೆ 'ನನ್ನ' ಎಂಬರ್ಥದ ಸಾಮಾನ್ಯ ರೂಪವೇ ಬರುವುದುಂಟು. ದಕ್ಖನಿ ದೌಲತಾಬಾದಿನ ಮರಾಠಿ ಪರಿಸರವನ್ನು ಹಾದು ಬಂದ ಭಾಷೆ. 'ಮೇರೇಕೋ' ಎಂಬ ರೂಪ ಮುಂಬಯಿ, ದೆಹಲಿಗಳ ಆಡುಮಾತಿನಲ್ಲಿಯೂ ಕೇಳಿಬರುತ್ತದೆ. ಆದುದರಿಂದ ಈ ಲಕ್ಷಣಗಳು ಎಲ್ಲಿ ಮೊದಲಾದವು ಎಂಬುದಕ್ಕಿಂತ, ಅವು ಕಾವೇರಿ ಬಯಲಿನಲ್ಲಿ ಏಕೆ ಅಳಿಯದೆ ನಿಂತವು ಎಂದು ಕೇಳುವುದು ಹೆಚ್ಚು ಉಚಿತ. ಸುತ್ತಲಿನ ಕನ್ನಡ ಅದೇ ರಚನೆಯನ್ನು ದಿನದಿನವೂ ಪುಷ್ಟೀಕರಿಸುತ್ತಿದ್ದುದೇ ಇದಕ್ಕೆ ಸಮಂಜಸವಾದ ಉತ್ತರ. 'ಎಂದು', 'ಅಂತ' ಎಂಬುದರ ಸ್ಥಾನದಲ್ಲಿ ದಕ್ಖನಿ ಬಳಸುವ 'ಬೋಲ್ಕೇ' ಎಂಬ ರೂಪವು ದ್ರಾವಿಡ ರಚನೆಗೆ ಸ್ಪಷ್ಟವಾಗಿ ಸರಿಹೊಂದುವುದರಿಂದ ಈ ಊಹೆಗೆ ಬಲ ಬರುತ್ತದೆ.

ಕುಪವಾಡದ ಸಾಕ್ಷ್ಯ

ಸಾಮೀಪ್ಯದಿಂದ ವ್ಯಾಕರಣ ಬದಲಾಗುತ್ತದೆ ಎಂಬುದಕ್ಕೆ ಕನ್ನಡದ ಗಡಿಯಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗುಗಳು ಒಂದೇ ಊರಿನಲ್ಲಿ ಬಳಕೆಯಲ್ಲಿದ್ದುದನ್ನು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಧ್ಯಯನ ಮಾಡಿ 1971ರಲ್ಲಿ ಪ್ರಕಟಿಸಿದರು. ಅಲ್ಲಿಯ ಉರ್ದುವಿನಲ್ಲಿ ಸ್ತ್ರೀಲಿಂಗದ 'ನದೀ' ಪದಕ್ಕೆ 'ಆಯೀ' ಎನ್ನದೆ 'ಆಯಾ' ಎನ್ನುವುದನ್ನು ಅವರು ಗುರುತಿಸಿದರು. ಜಡವಸ್ತುಗಳಿಗೆ ಗಂಡು ಹೆಣ್ಣೆಂಬ ಭೇದವಿಲ್ಲದ ಕನ್ನಡದ ಪದ್ಧತಿ ಉರ್ದುವಿನೊಳಗೆ ಬಂದಿತ್ತು.

ಸ್ವಾಮ್ಯಸೂಚಕದಲ್ಲಿ ಪ್ರಭಾವ ಹರಿದದ್ದು ಎದುರು ದಿಕ್ಕಿಗೆ. ಶಿಷ್ಟ ಕನ್ನಡದ 'ಇದು ನಿಮ್ಮ ಮನೆ', 'ಈ ಮನೆ ನಿಮ್ಮದು' ಎಂಬ ಎರಡು ರೂಪಗಳ ಭೇದವನ್ನು ಕುಪವಾಡದ ಕನ್ನಡ ಕೈಬಿಟ್ಟು, ಉರ್ದು ಮರಾಠಿಗಳಂತೆ ಎರಡೂ ಸ್ಥಾನಗಳಲ್ಲಿ 'ನಿಮ್ದ್' ಎಂಬ ಒಂದೇ ರೂಪವನ್ನು ಬಳಸುತ್ತಿತ್ತು. ಇಂದು ನಗರಗಳ ಆಡುಗನ್ನಡದಲ್ಲಿ ಕೇಳಿಬರುವ 'ನಂದು ಗಾಡಿ' ಎಂಬ ಪ್ರಯೋಗವನ್ನೂ ಇದರೊಡನೆ ಹೋಲಿಸಬಹುದು. ಕನ್ನಡ ಕೊಟ್ಟದ್ದನ್ನು ಮಾತ್ರವಲ್ಲ, ಪಡೆದುದನ್ನೂ ಇದು ತೋರಿಸುತ್ತದೆ.

ತರಗತಿಯಲ್ಲಿ

1918ರಲ್ಲಿ ಮದರಾಸಿನಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಆರಂಭವಾದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆ ಪ್ರಾಥಮಿಕದಿಂದ ಪ್ರವೀಣದವರೆಗಿನ ಪರೀಕ್ಷೆಗಳ ಮೂಲಕ ಹಿಂದಿಯನ್ನು ಕನ್ನಡನಾಡಿನ ಪಟ್ಟಣಗಳಿಗೆ ತಲುಪಿಸಿತು. 1968ರ ರಾಷ್ಟ್ರೀಯ ಶಿಕ್ಷಣ ನೀತಿಯ ತ್ರಿಭಾಷಾ ಸೂತ್ರದ ನಂತರ ರಾಜ್ಯದ ಶಾಲೆಗಳಲ್ಲಿ ಹಿಂದಿ ಬಹುಮಟ್ಟಿಗೆ ಮೂರನೆಯ ಭಾಷೆಯಾಗಿ ಕಲಿಕೆಗೆ ಬಂದಿತು. ಹೀಗೆ ಹಳ್ಳಿಯ ಒಂದೇ ತರಗತಿಯಲ್ಲಿ ಕನ್ನಡ ಮನೆಮಾತಿನ ಮಗುವೂ ದಕ್ಖನಿ ಮನೆಮಾತಿನ ಮಗುವೂ ಒಂದೇ ಹಿಂದಿ ಪಾಠದ ಮುಂದೆ ಕುಳಿತವು.

'ಮೈಂ ಮೇರೇ ಘರ್ ಜಾತಾ ಹೂಂ' ಎಂಬ ವಾಕ್ಯವನ್ನು ಎರಡೂ ಮಕ್ಕಳು ಬರೆಯಬಲ್ಲವು. ಎರಡಕ್ಕೂ ಕೆಂಪು ಗೆರೆ ಬೀಳುತ್ತದೆ. ಆದರೆ ಎರಡು ತಪ್ಪುಗಳು ಒಂದೇ ಅಲ್ಲ. ಕನ್ನಡದ ಮಗುವಿಗೆ ಅದು ಹೊರಗಿನ ಭಾಷೆಯೊಂದರ ನಿಯಮವನ್ನು ಇನ್ನೂ ಅರಿಯದುದರ ಫಲ, ತಿದ್ದಿಕೊಂಡರೆ ಮುಗಿಯಿತು. ದಕ್ಖನಿಯ ಮಗುವಿಗೆ ಅದು ತಾಯಿ, ಅಜ್ಜಿಯರ ಬಾಯಿಂದ ಕೇಳಿದ ವಾಕ್ಯ. ಅದನ್ನು ಅಶುದ್ಧವೆಂದರೆ ಮನೆಯ ಮಾತೇ ಅಶುದ್ಧವೆಂದಂತೆ. ಜೊತೆಗೆ ಈ ಮಗುವಿಗೆ ಹಿಂದಿ ಮೊದಲೇ ಬರುತ್ತದೆಂಬ ನಂಬಿಕೆ ಇರುವುದರಿಂದ, ಕನ್ನಡದ ಮಗುವಿಗೆ ಸಿಗುವ ವಿವರಣೆಯೂ ಅದಕ್ಕೆ ಸಿಗದೆ ಹೋಗಬಹುದು. ಉರ್ದುವನ್ನು ಪ್ರಥಮ ಭಾಷೆಯಾಗಿ ಓದುವಾಗಲೂ 'ಅಪ್ನಾ' ಪದದ ಸಮಸ್ಯೆ ಇದೇ ರೀತಿಯದು. ಏಕೆಂದರೆ ಪಠ್ಯದ ಉರ್ದು ದೆಹಲಿ, ಲಖನೌಗಳ ಶಿಷ್ಟ ರೂಪವನ್ನು ಅನುಸರಿಸುತ್ತದೆ. ದಕ್ಖನಿಯನ್ನು ಆಡುವವರು ಸಾಮಾನ್ಯವಾಗಿ ಜನಗಣತಿಯಲ್ಲಿ ಉರ್ದು ಎಂದೇ ಬರೆಸುವುದರಿಂದ ಈ ವ್ಯತ್ಯಾಸ ಅಂಕಿ ಅಂಶಗಳಲ್ಲಿಯೂ ಕಾಣಿಸದೆ ಹೋಗುತ್ತದೆ.

ಪರಿಹಾರ ದೂರದಲ್ಲಿಲ್ಲ. 'ನಾನು ನನ್ನ', 'ಮೈ ಮೇರೇ', 'ಮೈಂ ಅಪ್ನೇ' ಎಂಬ ಮೂರನ್ನೂ ಕಪ್ಪು ಹಲಗೆಯ ಮೇಲೆ ಒಂದರ ಪಕ್ಕದಲ್ಲಿ ಒಂದನ್ನು ಬರೆದು, ಮೊದಲ ಎರಡೂ ಒಂದೇ ನಿಯಮವನ್ನು ಪಾಲಿಸುತ್ತವೆ, ಮೂರನೆಯದರ ನಿಯಮ ಬೇರೆ ಎಂದು ತೋರಿಸಿದರೆ ಸಾಕು. ಆಗ ಶಿಷ್ಟ ರೂಪವನ್ನು ಕಲಿಯಲು ಮನೆಮಾತನ್ನು ಹಳಿಯಬೇಕಾಗುವುದಿಲ್ಲ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಹಿಂದಿಯ ಸ್ವಾಮ್ಯಸೂಚಕ ಸರ್ವನಾಮಗಳು ಸ್ವರೂಪದಲ್ಲಿ ಸರ್ವನಾಮಗಳಾದರೂ ನಡವಳಿಕೆಯಲ್ಲಿ ವಿಶೇಷಣಗಳು. ಅವು ಒಡೆತನಕ್ಕೊಳಗಾದ ವಸ್ತುವಿನ ಲಿಂಗ, ವಚನ, ವಿಭಕ್ತಿಗಳನ್ನು ಅನುಸರಿಸುತ್ತವೆ. ಕನ್ನಡದ ಷಷ್ಠೀ ರೂಪಗಳು ನಾಮದ ಹಿಂದೆ ಅಚಲವಾಗಿದ್ದು, ವಿಧೇಯವಾದಾಗ ಮಾತ್ರ ಹೊಂದಾಣಿಕೆ ತೋರುತ್ತವೆ. 'ಅಪ್ನಾ' ಮತ್ತು 'ತನ್ನ' ಸಮಾನಾರ್ಥಕಗಳಂತೆ ಕಂಡರೂ ಅವುಗಳ ವ್ಯಾಪ್ತಿ ಬೇರೆ ಬೇರೆ. ದಕ್ಖನಿಯು ಹಿಂದಿ-ಉರ್ದುಗಳ ಪದಗಳನ್ನು ಇಟ್ಟುಕೊಂಡು ಆತ್ಮಾರ್ಥಕದಲ್ಲಿ ಕನ್ನಡಕ್ಕೆ ಸಮಾನವಾದ ನಿಯಮವನ್ನು ಪಾಲಿಸುತ್ತದೆ.

ಶಾಸನ, ಕಡತಗಳು ಅರಸರನ್ನೂ ದಾನಗಳನ್ನೂ ದಾಖಲಿಸುತ್ತವೆ. ಒಂದು ಊರಿನ ಎರಡು ಸಮುದಾಯಗಳು ಗದ್ದೆಯ ಬದುವಿನ ಮೇಲೆ, ಸಂತೆಯಲ್ಲಿ, ನೆರೆಮನೆಯ ಜಗಲಿಯಲ್ಲಿ ಪರಸ್ಪರ ಎಷ್ಟು ಮಾತನಾಡಿಕೊಂಡವು ಎಂಬುದಕ್ಕೆ ಅಂತಹ ದಾಖಲೆ ಸಿಗುವುದು ವಿರಳ. 'ಮೈ ಮೇರೇ ಘರ್ ಕೂ' ಎಂಬ ನುಡಿಗಟ್ಟು ಆ ಮಾತುಕತೆಯ ಗುರುತು. ಕಿರುಗಾವಲಿನಲ್ಲಿ ನಾಟಿ ಭತ್ತ ಮತ್ತು ಮಾವಿನ ತಳಿಗಳನ್ನು ಹೆಸರು ಹಿಡಿದು ಗುರುತಿಸಿ ಉಳಿಸಿದ ಶ್ರದ್ಧೆಯಿಂದಲೇ ಹಳೆ ಮೈಸೂರಿನ ಗ್ರಾಮಗಳ ದಕ್ಖನಿಯನ್ನೂ ಊರೂರಿನ ಮಟ್ಟದಲ್ಲಿ ದಾಖಲಿಸುವುದು ಭಾಷಾ ವಿದ್ವಾಂಸರ ಮತ್ತು ಚರಿತ್ರೆಕಾರರ ಮುಂದಿರುವ ಕೆಲಸವಾಗಿದೆ.